ಬಿಸಿಲೂರಿನ ಗಿಡದ ಅಕ್ವೇರಿಯಂ: ಸಿಓಟು ಯಾವ ದಾರಿಯಲ್ಲಿ ಕೊಡಬೇಕು, ಆಮ್ಲಜನಕ ಹೇಗೆ ಕಾಯಬೇಕು

ಗಿಡ ನೆಟ್ಟ ಅಕ್ವೇರಿಯಂಗೆ ಕಾರ್ಬನ್ ಡೈಆಕ್ಸೈಡ್, ಅಂದರೆ ಸಿಓಟು, ಒದಗಿಸುವ ದಾರಿಗಳು ಐದು. ಏನೂ ಕೊಡದೆ ಬಿಡುವುದು, ಯೀಸ್ಟ್ ಬಾಟಲಿ, ಸಿಟ್ರಿಕ್ ಆಸಿಡ್ ಮತ್ತು ಅಡುಗೆ ಸೋಡಾದ ಕಿಟ್, ಸಿಲಿಂಡರ್, ಕೊನೆಗೆ ‘ಲಿಕ್ವಿಡ್ ಕಾರ್ಬನ್’ ಹೆಸರಿನಲ್ಲಿ ಮಾರುವ ದ್ರಾವಣ. ಯಾವುದರಲ್ಲಿ ಗಿಡ ಹುಲುಸಾಗಿ ಬರುತ್ತದೆ ಎಂದು ನೋಡಿ ಆರಿಸುವುದು ತಂಪು ಊರಿನವರಿಗೆ ಸರಿ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಮೇ ತಿಂಗಳ ನಡುರಾತ್ರಿ, ತೊಟ್ಟಿಯ ನೀರು 32 ಡಿಗ್ರಿ ಇರುವಾಗ ಕರೆಂಟ್ ಹೋದರೆ ಈ ವ್ಯವಸ್ಥೆ ಏನು ಮಾಡುತ್ತದೆ? ತಾನಾಗಿ ನಿಲ್ಲುತ್ತದೆಯೋ, ಗ್ಯಾಸ್ ಬಿಡುತ್ತಲೇ ಇರುತ್ತದೆಯೋ? ಈ ಪ್ರಶ್ನೆಗೆ ಸಿಗುವ ಉತ್ತರವೇ ಅರ್ಧ ಆಯ್ಕೆಯನ್ನು ಮುಗಿಸಿಕೊಡುತ್ತದೆ.

ಎರಡು ಗ್ಯಾಸು, ಎರಡು ಲೆಕ್ಕ

ಸಿಓಟು ಹೆಚ್ಚಾದರೆ ಆಮ್ಲಜನಕ ಹೊರಗೆ ಹೋಗುತ್ತದೆ ಎಂಬ ಮಾತು ಅಕ್ವೇರಿಯಂ ಅಂಗಡಿಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ತಪ್ಪು. ನೀರಿನಲ್ಲಿ ಒಂದು ಗ್ಯಾಸು ಇನ್ನೊಂದರ ಜಾಗ ಕಸಿದುಕೊಳ್ಳುವುದಿಲ್ಲ. ಎರಡೂ ಒಟ್ಟಿಗೆ ಹೆಚ್ಚಿರಬಹುದು, ಎರಡೂ ಒಟ್ಟಿಗೆ ಕಡಿಮೆಯೂ ಇರಬಹುದು. ಮಧ್ಯಾಹ್ನ ಮೂರು ಗಂಟೆಗೆ ಒಳ್ಳೆ ಬೆಳಕಿರುವ ತೊಟ್ಟಿಯಲ್ಲಿ ಹೈಡ್ರಿಲ್ಲಾದ ಕತ್ತರಿಸಿದ ತುದಿಯನ್ನು ಹತ್ತಿರದಿಂದ ನೋಡಿ. ಗುಂಡುಸೂಜಿಯ ತಲೆಗಿಂತ ಸಣ್ಣ ಗುಳ್ಳೆಗಳು ದಾರಕ್ಕೆ ಪೋಣಿಸಿದಂತೆ ಒಂದರ ಹಿಂದೊಂದು ಮೇಲೇಳುತ್ತಿರುತ್ತವೆ. ಅವು ಹೆಚ್ಚಿನ ಮಟ್ಟಿಗೆ ಆಮ್ಲಜನಕವೇ. ಆ ಹೊತ್ತಿಗೆ ನೀರಿನಲ್ಲೂ ಆಮ್ಲಜನಕ ಸಾಮಾನ್ಯವಾಗಿ ಧಾರಾಳವಾಗಿರುತ್ತದೆ. ಅದೇ ನೀರಿನಲ್ಲಿ ಸಿಓಟು ಲೀಟರಿಗೆ 25 ಮಿಲಿಗ್ರಾಂ ಇದ್ದರೂ ಇರಬಹುದು.

ಹಾಗಾದರೆ ಸಿಓಟು ಜಾಸ್ತಿಯಾದಾಗ ಮೀನು ಏಕೆ ಒದ್ದಾಡುತ್ತದೆ? ಮೀನಿನ ರಕ್ತದಲ್ಲಿರುವ ಸಿಓಟು ಕಿವಿರಿನ ಮೂಲಕ ನೀರಿಗೆ ಇಳಿಯಬೇಕಾದರೆ ನೀರಿನಲ್ಲಿ ಅದು ಕಡಿಮೆ ಇರಬೇಕು. ನೀರಿನಲ್ಲೇ ಹೆಚ್ಚಾದರೆ ರಕ್ತದಲ್ಲಿ ಉಳಿದುಕೊಳ್ಳುತ್ತದೆ, ರಕ್ತ ಹುಳಿಯಾಗುತ್ತದೆ, ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ. ನೀರಲ್ಲಿ ಆಮ್ಲಜನಕ ಇದ್ದೂ ಮೀನಿಗೆ ದಕ್ಕುವುದಿಲ್ಲ. ಆಮ್ಲಜನಕ ಚೆನ್ನಾಗಿದ್ದರೆ ಮೀನು 30 ಮಿಲಿಗ್ರಾಂ ಸಿಓಟನ್ನು ತಡೆದುಕೊಳ್ಳುತ್ತದೆ. ಆಮ್ಲಜನಕ ಕೊರೆಯಿದ್ದರೆ 20 ಕೂಡ ಭಾರ. ಆದ್ದರಿಂದ ಮೊದಲು ಆಮ್ಲಜನಕದ ಏರ್ಪಾಟು, ಆಮೇಲೆ ಸಿಓಟು. ಈ ಕ್ರಮ ತಿರುಗಾಮುರುಗಾ ಆಗಬಾರದು.

ನಮ್ಮ ಬೇಸಿಗೆ ಕಡಿತ ಹಾಕುವುದು ಇಲ್ಲೇ. ಗಾಳಿಯಿಂದ ಪೂರ್ತಿ ತುಂಬಿಕೊಂಡ ನೀರಿನಲ್ಲಿ 20 ಡಿಗ್ರಿಗೆ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. 25ಕ್ಕೆ 8.3, 30ಕ್ಕೆ 7.6, 35ಕ್ಕೆ 7. ಇದು ಸಮುದ್ರಮಟ್ಟದ ಲೆಕ್ಕ. ನಮ್ಮ ಊರುಗಳು ಅದಕ್ಕಿಂತ 400ರಿಂದ 500 ಮೀಟರ್ ಮೇಲಿರುವುದರಿಂದ ಇನ್ನೂ ಶೇಕಡಾ 5ರಷ್ಟು ಕಳೆಯಬೇಕು. ಇದೇನು ಮಹಾ ಇಳಿತವಲ್ಲ ಎನಿಸಬಹುದು. ಆದರೆ ನೀರು 10 ಡಿಗ್ರಿ ಬಿಸಿಯಾದರೆ ಮೀನಿನ ಉಸಿರಾಟದ ಬೇಡಿಕೆ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ, ತಳದ ಮಣ್ಣು, ಕೊಳೆಯುವ ಎಲೆ ಎಲ್ಲವೂ ಅದೇ ವೇಗದಲ್ಲಿ ಆಮ್ಲಜನಕ ತಿನ್ನುತ್ತವೆ. ಆದಾಯ ಇಳಿದು ಖರ್ಚು ಏರಿದ ಮನೆಯಂತೆ. ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿದ್ದರೆ ಮೀನು ಆರಾಮ, 3ಕ್ಕಿಂತ ಕೆಳಗಿಳಿದರೆ ಕಷ್ಟ. ಗಿಡಗಳೂ ರಾತ್ರಿ ಉಸಿರಾಡುವುದರಿಂದ ಬೆಳಗಿನ ಜಾವ, ದೀಪ ಹತ್ತುವ ಮುಂಚೆ, ಆಮ್ಲಜನಕ ದಿನದ ತಳ ಮುಟ್ಟಿರುತ್ತದೆ.

ಆಮ್ಲಜನಕ ಬರುವುದು ನೀರಿನ ಮೇಲ್ಮೈಯಿಂದ. ಏರ್ ಪಂಪಿನ ಪೈಪಿನ ತುದಿಗೆ ಹಾಕುವ ಏರ್ ಸ್ಟೋನಿನ ಗುಳ್ಳೆಗಳು ಮೇಲೇರುವಾಗ ಕರಗುವುದು ಸ್ವಲ್ಪವೇ. ಅವು ಮೇಲ್ಮೈ ಒಡೆದು ತಳದ ನೀರನ್ನು ಮೇಲೆ ತರುವುದರಿಂದಲೇ ಹೆಚ್ಚಿನ ಲಾಭ. ಫಿಲ್ಟರಿನ ಹೊರಬಾಯಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ಇಡೀ ಮೇಲ್ಮೈ ಗಾಳಿಗೆ ಅಲುಗುವ ಕೆರೆ ನೀರಿನಂತೆ ನವಿರಾಗಿ ಅಲುಗುವಂತೆ ಇಡಿ. ಚಿಮ್ಮಿ ಸದ್ದು ಮಾಡುವಷ್ಟು ಬೇಡ, ಆಗ ಸಿಓಟು ವ್ಯರ್ಥವಾಗುತ್ತದೆ. ಎಣ್ಣೆಯಂಥ ಪೊರೆ ಕಟ್ಟಿದ್ದರೆ ಗ್ಯಾಸು ಒಳಗೂ ಬಾರದು, ಹೊರಗೂ ಹೋಗದು. ಒಂದು ನ್ಯೂಸ್‌ಪೇಪರ್ ಹಾಳೆಯನ್ನು ನೀರಿನ ಮೇಲೆ ಹಾಸಿ ಎತ್ತಿದರೆ ಪೊರೆ ಅದಕ್ಕೆ ಅಂಟಿ ಬರುತ್ತದೆ. ಮೇಲ್ಮೈ ಅಲುಗಿಸಿದರೆ ಸಿಓಟು ಪೋಲಾಗುತ್ತದೆ ಎಂದು ಫಿಲ್ಟರ್ ಬಾಯಿಯನ್ನು ತಳಕ್ಕೆ ಇಳಿಸುವವರಿದ್ದಾರೆ. ನಮ್ಮ ಸೆಕೆಗೆ ಆ ಉಳಿತಾಯ ಸಲ್ಲದು. ಪೋಲಾದ ಸಿಓಟನ್ನು ಎರಡು ಗುಳ್ಳೆ ಹೆಚ್ಚಿಸಿ ತುಂಬಿಕೊಳ್ಳಬಹುದು.

ಮೊದಲ ದಾರಿ: ಸಿಓಟು ಕೊಡದಿರುವುದು

ಗಾಳಿಗೆ ತೆರೆದ ನೀರಿನಲ್ಲಿ ತಾನಾಗಿ ಕರಗುವ ಸಿಓಟು ಲೀಟರಿಗೆ ಅರ್ಧ ಮಿಲಿಗ್ರಾಂ ಆಸುಪಾಸು. ಮೀನಿನ ಉಸಿರು, ತಳದ ಮಣ್ಣಿನ ಕೊಳೆತ ಸೇರಿ ಬೆಳಗಿನ ಹೊತ್ತಿಗೆ ಎರಡು ಮೂರಕ್ಕೆ ಏರಬಹುದು. ಇಷ್ಟರಲ್ಲೇ ಬದುಕುವ ಗಿಡಗಳು ಬೇಕಾದಷ್ಟಿವೆ, ಅವುಗಳಲ್ಲಿ ಕೆಲವು ನಮ್ಮ ನೀರಿಗೆ ಹೇಳಿ ಮಾಡಿಸಿದಂಥವು. ಇಲ್ಲಿನ ಬೋರ್‌ವೆಲ್ ನೀರು ಗಡಸು, ಅದರಲ್ಲಿ ಬೈಕಾರ್ಬೊನೇಟ್ ತುಂಬಿರುತ್ತದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಈ ಬೈಕಾರ್ಬೊನೇಟಿನಿಂದಲೇ ಇಂಗಾಲ ಹೀರಬಲ್ಲವು. ಅನೂಬಿಯಾಸ್ ಮತ್ತು ಕ್ರಿಪ್ಟೊಕೊರೈನ್‌ಗೆ ಆ ಶಕ್ತಿ ಇಲ್ಲ. ಆದರೆ ಬೆಳವಣಿಗೆಯೇ ನಿಧಾನವಾದ್ದರಿಂದ ಇದ್ದುದರಲ್ಲೇ ಸಾಗುತ್ತವೆ. ಜಾವಾ ಫರ್ನ್ ಮತ್ತು ಮಾಸ್ ಜಾತಿಯ ಗಿಡಗಳು 30 ಡಿಗ್ರಿ ದಾಟಿದ ನೀರಿನಲ್ಲಿ ಸೊರಗುವುದರಿಂದ ತಂಪಾದ ಕೋಣೆ ಇದ್ದರೆ ಮಾತ್ರ ಹಾಕಿ.

ಈ ದಾರಿಯಲ್ಲಿ ತಪ್ಪುವುದು ದೀಪದಲ್ಲಿ. ಸಿಓಟು ಇಲ್ಲದೆ ಬೆಳಕು ಹೆಚ್ಚು ಕೊಟ್ಟರೆ ಗಿಡ ಬೆಳೆಯುವುದಿಲ್ಲ, ಗಾಜಿಗೆ ಹಸಿರು ಪಾಚಿ ಹತ್ತುತ್ತದೆ. ದಿನಕ್ಕೆ 6 ಗಂಟೆ ಮಂದ ಬೆಳಕು ಸಾಕು. ಕಿಟಕಿಯ ಬಿಸಿಲು ತೊಟ್ಟಿಗೆ ಬೀಳಬಾರದು. ತೇಲುವ ಗಿಡಗಳಾದ ಸಾಲ್ವೀನಿಯಾ, ಅಂತರಗಂಗೆ ಗಾಳಿಯಿಂದಲೇ ಸಿಓಟು ಹೀರಿ ಬೇಗ ಹಬ್ಬುತ್ತವೆ, ನೀರಿನ ಕೊಳಕನ್ನೂ ಹೀರುತ್ತವೆ. ಆದರೆ ಮೇಲ್ಮೈಯನ್ನೇ ಮುಚ್ಚಿಬಿಟ್ಟರೆ ಆಮ್ಲಜನಕದ ಬಾಗಿಲು ಮುಚ್ಚಿದಂತೆ. ಅರ್ಧಕ್ಕಿಂತ ಹೆಚ್ಚು ಬಿಡಬೇಡಿ. ತೆಗೆದ ಗಿಡವನ್ನು ಕಾಲುವೆಗಾಗಲಿ ಕೆರೆಗಾಗಲಿ ಎಸೆಯದೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ತುಂಗಭದ್ರೆಯ ಕಾಲುವೆಗಳಿಗೆ ಇನ್ನೊಂದು ಕಳೆ ಬೇಕಾಗಿಲ್ಲ.

ಕರೆಂಟ್ ಹೋದರೆ? ಹೆಚ್ಚುವರಿ ಸಿಓಟು ಇಲ್ಲದ್ದರಿಂದ ಮೀನಿಗೆ ಆಮ್ಲಜನಕದ ಚಿಂತೆ ಮಾತ್ರ. ಮೊದಲ ತೊಟ್ಟಿ ಇಡುವವರಿಗೆ, ಇನ್ವರ್ಟರ್ ಇಲ್ಲದ ಮನೆಗೆ, ತಿಂಗಳಿಗೊಮ್ಮೆ ಊರಿಗೆ ಹೋಗಿಬರುವವರಿಗೆ ನಾವು ಹೇಳುವುದು ಇದನ್ನೇ. ಇದು ಕೈಲಾಗದವರ ದಾರಿಯಲ್ಲ. ಎರಡು ಅಡಿ ಉದ್ದದ ವ್ಯಾಲಿಸ್ನೇರಿಯಾ ಎಲೆಗಳು ನೀರಿನ ಓಟಕ್ಕೆ ಒಂದೇ ಕಡೆ ಬಾಗಿ ತೂಗುವ ತೊಟ್ಟಿಗಿಂತ ಚೆಂದದ್ದು ಕಡಿಮೆ.

ಯೀಸ್ಟ್ ಬಾಟಲಿ

ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗೆ 200 ಗ್ರಾಂ ಸಕ್ಕರೆ, ಸುಮಾರು 1.2 ಲೀಟರ್ ಉಗುರುಬೆಚ್ಚಗಿನ ನೀರು, ಕಾಲು ಟೀ ಚಮಚ ಒಣ ಯೀಸ್ಟ್. ಮೇಲೆ ಒಂದು ಗೇಣಿನಷ್ಟು ಖಾಲಿ ಜಾಗ ಬಿಡಬೇಕು, ಇಲ್ಲದಿದ್ದರೆ ನೊರೆ ಪೈಪಿಗೆ ಏರುತ್ತದೆ. ಮುಚ್ಚಳದಿಂದ ಬರುವ ಪೈಪನ್ನು ಅರ್ಧ ನೀರು ತುಂಬಿದ ಇನ್ನೊಂದು ಸಣ್ಣ ಬಾಟಲಿಗೆ ಹಾಯಿಸಿ, ಅಲ್ಲಿಂದ ತೊಟ್ಟಿಗೆ. ಈ ಎರಡನೇ ಬಾಟಲಿ ನೊರೆ ತಡೆಯುತ್ತದೆ, ಗುಳ್ಳೆ ಎಣಿಸಲೂ ಬರುತ್ತದೆ. ತೊಟ್ಟಿಗೆ ಹೋಗುವ ಮುಂಚೆ, ನೀರು ಪೈಪಿನಲ್ಲಿ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇರಲೇಬೇಕು. ಈ ಬಾಟಲಿಗೆ ನೀಡಲ್ ವಾಲ್ವ್ (ಗ್ಯಾಸಿನ ಹರಿವನ್ನು ಸಣ್ಣಗೆ ಹೊಂದಿಸುವ ತಿರುಪು) ಹಾಕಿ ಗ್ಯಾಸ್ ತಡೆಯಲು ಹೋಗಬೇಡಿ. ಯೀಸ್ಟ್ ನಿಲ್ಲುವುದಿಲ್ಲ, ಬಾಟಲಿ ಸಿಡಿಯುತ್ತದೆ. ಗಾಜಿನ ಬಾಟಲಿ ಎಂದೂ ಬೇಡ.

ಲೆಕ್ಕದಲ್ಲಿ 200 ಗ್ರಾಂ ಸಕ್ಕರೆಯಿಂದ 100 ಗ್ರಾಂ ಚಿಲ್ಲರೆ ಸಿಓಟು ಬರಬೇಕು. 100 ಲೀಟರ್ ನೀರನ್ನು 30 ಮಿಲಿಗ್ರಾಂಗೆ ತರಲು ಬೇಕಾದದ್ದು ಮೂರೇ ಗ್ರಾಂ ಎಂಬುದನ್ನು ನೆನಪಿಟ್ಟರೆ ಇದು ಧಾರಾಳ ಎನಿಸುತ್ತದೆ. ಆದರೆ ಗಿಡಕ್ಕೆ ಬೇಡದ ರಾತ್ರಿಯಲ್ಲೂ ಗ್ಯಾಸ್ ಬರುತ್ತದೆ, ಬಹುಪಾಲು ಮೇಲ್ಮೈಯಿಂದ ಹಾರಿಹೋಗುತ್ತದೆ. ತಂಪು ಹವೆಯಲ್ಲಿ ಎರಡು ಮೂರು ವಾರ ಸಮನಾಗಿ ನಡೆಯುವ ಬಾಟಲಿ ಇಲ್ಲಿನ ಏಪ್ರಿಲ್‌ನಲ್ಲಿ ಮೊದಲ ನಾಲ್ಕೈದು ದಿನ ಭೋರ್ಗರೆದು ಆಮೇಲೆ ಮಂಕಾಗುತ್ತದೆ. ಕೋಣೆ 38 ಡಿಗ್ರಿಗೆ ಹೋದರೆ ಯೀಸ್ಟ್ ಬಳಲುತ್ತದೆ, ತಾನೇ ಹುಟ್ಟಿಸಿದ ಆಲ್ಕೋಹಾಲ್ ಅದನ್ನು ಇನ್ನೂ ಬೇಗ ಕೊಲ್ಲುತ್ತದೆ. ಬಾಟಲಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಇಟ್ಟು, ಯೀಸ್ಟನ್ನು ಅರ್ಧಕ್ಕೆ ಇಳಿಸಿದರೆ ಸ್ವಲ್ಪ ಸುಧಾರಿಸುತ್ತದೆ.

ದೊಡ್ಡ ದೋಷ ಬೇರೆಯೇ ಇದೆ. ಇದನ್ನು ಆರಿಸಲು ಸ್ವಿಚ್ ಇಲ್ಲ. ಕರೆಂಟ್ ಹೋಗಿ ಫಿಲ್ಟರ್ ನಿಂತರೆ ನೀರಿನ ಮೇಲ್ಮೈ ಗಾಜಿನಂತೆ ನಿಶ್ಚಲವಾಗುತ್ತದೆ, ಆಮ್ಲಜನಕ ಇಳಿಯುತ್ತದೆ, ಬಾಟಲಿ ಮಾತ್ರ ಗ್ಯಾಸ್ ಕೊಡುತ್ತಲೇ ಇರುತ್ತದೆ. ಎರಡೂ ಕೆಡುಕು ಒಂದೇ ಹೊತ್ತಿಗೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, 40ರಿಂದ 60 ಲೀಟರ್ ತೊಟ್ಟಿಗೆ, ರಾತ್ರಿ ಏರ್ ಪಂಪ್ ಓಡಿಸುವುದಾದರೆ ಯೀಸ್ಟ್ ಒಳ್ಳೆಯ ಕಲಿಕೆ. ಮಾರ್ಚ್ ಬಂದರೆ ಬಾಟಲಿ ತೊಳೆದಿಡಿ.

ಸಿಟ್ರಿಕ್ ಆಸಿಡ್ ಮತ್ತು ಅಡುಗೆ ಸೋಡಾ

ಕಿರಾಣಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವುದೇ ಸಿಟ್ರಿಕ್ ಆಸಿಡ್. ಎರಡು ಬಾಟಲಿಯ ಕಿಟ್ಟಿನಲ್ಲಿ ಒಂದಕ್ಕೆ 200 ಗ್ರಾಂ ಸಿಟ್ರಿಕ್ ಆಸಿಡ್ ಮತ್ತು 600 ಮಿಲಿ ನೀರು, ಇನ್ನೊಂದಕ್ಕೆ 200 ಗ್ರಾಂ ಅಡುಗೆ ಸೋಡಾ ಮತ್ತು 200 ಮಿಲಿ ನೀರು. ಆಸಿಡ್ ಬಾಟಲಿಯನ್ನು ಹಿಸುಕಿದಾಗ ದ್ರಾವಣ ಸೋಡಾದ ಕಡೆಗೆ ಹರಿದು ಗ್ಯಾಸ್ ಏಳುತ್ತದೆ. ಆ ಒತ್ತಡವೇ ಮುಂದಿನ ಹನಿಯನ್ನು ಎಳೆದುಕೊಳ್ಳುತ್ತ ಹೋಗುತ್ತದೆ. ಸ್ಟೀಲ್ ಬಾಟಲಿಯ ಕಿಟ್ಟಿನಲ್ಲಿ ಎರಡೂ ಒಂದರಲ್ಲೇ ಸೇರುತ್ತವೆ, ರೆಗ್ಯುಲೇಟರ್ ಜೊತೆಗೇ ಬರುತ್ತದೆ. ಬರುವ ಗ್ಯಾಸ್ ಒಟ್ಟು 100 ಗ್ರಾಂ ಚಿಲ್ಲರೆ, ಯೀಸ್ಟಿನಷ್ಟೇ. ಆದರೆ ಇಲ್ಲಿ ನೀಡಲ್ ವಾಲ್ವಿನಿಂದ ಗುಳ್ಳೆ ಹಿಡಿತದಲ್ಲಿಡಬಹುದು, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಹಾಕಿ ರಾತ್ರಿ ನಿಲ್ಲಿಸಬಹುದು. ವಾಲ್ವ್ ಮುಚ್ಚಿದಾಗ ಒತ್ತಡ ಏರಿ ಆಸಿಡ್ ಹರಿಯುವುದೇ ನಿಲ್ಲುತ್ತದೆ. ಹಗಲು ಮಾತ್ರ ಬಿಟ್ಟರೆ 60 ಲೀಟರ್ ತೊಟ್ಟಿಗೆ ಮೂರು ವಾರದ ಮೇಲೆ ಬರುತ್ತದೆ.

ಕೆಡುವುದು ಎಲ್ಲಿ? ಮುಚ್ಚಳದ ವಾಷರಿನಲ್ಲಿ ಸೋರಿಕೆ, ಪೈಪಿನಲ್ಲಿ ಸೋಡಾ ಹರಳುಗಟ್ಟಿ ಕಟ್ಟಿಕೊಳ್ಳುವುದು, ಬಾಟಲಿ ಬಳಲುವುದು. ಕುಡಿಯುವ ನೀರಿನ ತೆಳು ಬಾಟಲಿ ಈ ಒತ್ತಡಕ್ಕೆ ತಾಳದು. ಗ್ಯಾಸ್ ಡ್ರಿಂಕಿನ ಬಾಟಲಿಯೇ ಬೇಕು, ಅದನ್ನೂ ಮೂರ್ನಾಲ್ಕು ತಿಂಗಳಿಗೊಮ್ಮೆ ಬದಲಿಸಿ. ಬಿಸಿಯಾದ ಪ್ಲಾಸ್ಟಿಕ್ ಮೆತ್ತಗಾಗುವುದರಿಂದ ತಗಡಿನ ಶೆಡ್ಡಿನಲ್ಲೋ ಬಿಸಿಲು ಬೀಳುವ ವರಾಂಡದಲ್ಲೋ ಇಡುವ ಮಾತೇ ಬೇಡ. ಸಿಲಿಕಾನ್ ಪೈಪಿನ ಗೋಡೆಯ ಮೂಲಕವೇ ಸಿಓಟು ಸೋರುತ್ತದೆ. ಸಿಓಟುಗೆಂದೇ ಬರುವ ಗಟ್ಟಿ ಪೈಪು ಕೊಳ್ಳಿ.

ಸಿಲಿಂಡರ್

ಹಿಡಿತದ ಲೆಕ್ಕದಲ್ಲಿ ಇದಕ್ಕೆ ಸರಿಸಾಟಿ ಇಲ್ಲ. 80 ಲೀಟರಿಗಿಂತ ದೊಡ್ಡ ತೊಟ್ಟಿ, ಕೆಂಪು ಗಿಡಗಳು, ತಳಕ್ಕೆ ಹಾಸುವ ಹುಲ್ಲು ಬೇಕೆಂದರೆ ಬೇರೆ ದಾರಿ ಹುಡುಕಬೇಡಿ. ಮೊದಲ ಖರ್ಚು ಎಲ್ಲಕ್ಕಿಂತ ಹೆಚ್ಚು, ಮುಂದಿನದು ಎಲ್ಲಕ್ಕಿಂತ ಕಡಿಮೆ. ಎರಡು ಕೆಜಿ ಗ್ಯಾಸ್ ಎಂದರೆ ಇಪ್ಪತ್ತು ಯೀಸ್ಟ್ ಬಾಟಲಿಗೆ ಸಮ. ದಿನಕ್ಕೆ 5 ಗ್ರಾಂ ತಿನ್ನುವ 100 ಲೀಟರ್ ತೊಟ್ಟಿಗೆ ಸೋರಿಕೆ ಇಲ್ಲದಿದ್ದರೆ ವರ್ಷ ದಾಟುತ್ತದೆ. ಮೂರು ತಿಂಗಳಿಗೇ ಮುಗಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋಪು ನೀರನ್ನು ಬ್ರಷ್ಷಿನಿಂದ ಒಂದೊಂದೇ ಸಂದಿಗೆ ಹಚ್ಚಿ ಎರಡು ನಿಮಿಷ ಕಣ್ಣಿಟ್ಟು ನೋಡಿ. ಸಣ್ಣ ಸೋರಿಕೆ ತಕ್ಷಣ ಗುಳ್ಳೆಯಾಗುವುದಿಲ್ಲ, ಬಿಳಿ ನೊರೆಯ ಚುಕ್ಕೆಯಾಗಿ ನಿಧಾನಕ್ಕೆ ಉಬ್ಬುತ್ತದೆ. ಹೆಚ್ಚಿನ ಸಲ ಅದು ಸಿಲಿಂಡರ್ ಮತ್ತು ರೆಗ್ಯುಲೇಟರ್ ನಡುವಿನ ವಾಷರ್.

ತುಂಬಿಸಲು ವೆಲ್ಡಿಂಗ್ ಗ್ಯಾಸ್ ಮಾರುವವರು, ಸೋಡಾ ತಯಾರಿಸುವವರು, ಬೆಂಕಿ ನಂದಿಸುವ ಸಿಲಿಂಡರ್ ತುಂಬುವವರು ಸಿಗುತ್ತಾರೆ. ಉಕ್ಕಿನ ಕಾರ್ಖಾನೆ, ವರ್ಕ್‌ಶಾಪ್‌ಗಳಿರುವ ಬಳ್ಳಾರಿ ಕಡೆ ಇದು ಕಷ್ಟವೇನಲ್ಲ. ರೆಗ್ಯುಲೇಟರ್ ಕೊಳ್ಳುವ ಮುಂಚೆ ಅದರ ಥ್ರೆಡ್ ಸಿಲಿಂಡರಿಗೆ ಕೂರುತ್ತದೆಯೇ ನೋಡಿ. ಹಳೆಯ ಬೆಂಕಿ ನಂದಿಸುವ ಸಿಲಿಂಡರ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರೊಳಗೆ ತಳದವರೆಗೆ ಇಳಿದ ಕೊಳವೆ ಇರುತ್ತದೆ, ಗ್ಯಾಸಿನ ಬದಲು ದ್ರವವೇ ಮೇಲೆ ಬಂದು ರೆಗ್ಯುಲೇಟರ್ ಹಾಳಾಗುತ್ತದೆ. ಸಿಲಿಂಡರಿನ ಕುತ್ತಿಗೆ ಬಳಿ ಕೊರೆದ ಟೆಸ್ಟ್ ತಾರೀಖು ಓದಿ, ಐದು ವರ್ಷ ದಾಟಿದ್ದರೆ ಮತ್ತೆ ಟೆಸ್ಟ್ ಆಗಬೇಕು.

ಬಿಸಿಲಿಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಸಿಲಿಂಡರಿನೊಳಗೆ ಸಿಓಟು ದ್ರವವಾಗಿರುತ್ತದೆ. ದ್ರವ ಇರುವ ತನಕ ಒತ್ತಡದ ಮೀಟರಿನ ಮುಳ್ಳು ಇಳಿಯುವುದಿಲ್ಲ. 20 ಡಿಗ್ರಿಗೆ ಸುಮಾರು 57 ಬಾರ್, 30ಕ್ಕೆ ಸುಮಾರು 72 ಬಾರ್ ತೋರಿಸುತ್ತದೆ. 31.1 ಡಿಗ್ರಿ ದಾಟಿದರೆ ಸಿಓಟು ದ್ರವವಾಗಿ ಉಳಿಯುವುದೇ ಇಲ್ಲ, ಎಷ್ಟು ಒತ್ತಿದರೂ. ನಮ್ಮ ಮನೆಗಳಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಕೋಣೆ ಈ ಗೆರೆಯ ಮೇಲೇ ಇರುತ್ತದೆ. ಆಗ ಒತ್ತಡ ಎಷ್ಟಾಗುತ್ತದೆ ಎಂಬುದು ಎಷ್ಟು ತುಂಬಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ಕಂಠಮಟ್ಟ ತುಂಬಿದ ಸಿಲಿಂಡರ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಸುರಕ್ಷತಾ ಡಿಸ್ಕ್ ಒಡೆದುಕೊಳ್ಳಬಹುದು. ಆದ್ದರಿಂದ ಯಾವಾಗಲೂ ತೂಕ ಮಾಡಿಯೇ ತುಂಬಿಸಿ. ಸಿಲಿಂಡರಿನಲ್ಲಿ ಹಿಡಿಯುವ ನೀರಿನ ಪ್ರತಿ ಲೀಟರಿಗೆ ಕೆಜಿಯ ಮೂರನೇ ಎರಡು ಪಾಲು, ಅಂದರೆ 3 ಲೀಟರ್ ಸಿಲಿಂಡರಿಗೆ 2 ಕೆಜಿ. ಬೆಳಗ್ಗೆಯೇ ತುಂಬಿಸಿ ನೇರ ಮನೆಗೆ ತನ್ನಿ. ಎಷ್ಟು ಉಳಿದಿದೆ ಎಂದು ತಿಳಿಯಲೂ ತೂಕವೇ ದಾರಿ, ಮುಳ್ಳಲ್ಲ.

ಕೋಣೆ ಆ 31 ಡಿಗ್ರಿಯ ಗೆರೆಗಿಂತ ತಂಪಾಗಿರುವಾಗಲೂ ಮುಳ್ಳು ದಿನದಿನಕ್ಕೆ ಕೆಳಗಿಳಿಯಲು ಶುರುವಾದರೆ ದ್ರವ ಮುಗಿದಿದೆ, ಸಿಲಿಂಡರ್ ಬದಲಿಸುವ ಹೊತ್ತು ಬಂತು. ಒಂದೇ ಹಂತದ ರೆಗ್ಯುಲೇಟರಿನಲ್ಲಿ ಸಿಲಿಂಡರ್ ಒತ್ತಡ ಬಿದ್ದಾಗ ಹೊರಬರುವ ಒತ್ತಡ ತಿರುಗಿ ಏರುತ್ತದೆ. ಸೆಕೆಂಡಿಗೆ ಎರಡು ಗುಳ್ಳೆ ಇದ್ದದ್ದು ಎಣಿಸಲಾಗದ ಧಾರೆಯಾಗಿ ಒಂದೇ ಮಧ್ಯಾಹ್ನದಲ್ಲಿ ಇಡೀ ತೊಟ್ಟಿಯನ್ನು ಮುಗಿಸಬಹುದು. ಎರಡು ಹಂತದ ರೆಗ್ಯುಲೇಟರಿನಲ್ಲಿ ಈ ಭಯವಿಲ್ಲ. ಹಣ ಉಳಿಸಬೇಕಾದರೆ ದೀಪದಲ್ಲಿ ಉಳಿಸಿ, ರೆಗ್ಯುಲೇಟರಿನಲ್ಲಿ ಬೇಡ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಸ್ಟ್ಯಾಂಡಿನ ಕಾಲಿಗೆ ಪಟ್ಟಿಯಿಂದ ಬಿಗಿಯಿರಿ. ಮಲಗುವ ಕೋಣೆಯಲ್ಲಿ ಬೇಡವೇ ಬೇಡ: 2 ಕೆಜಿ ಪೂರ್ತಿ ಸೋರಿದರೆ ಒಂದು ಘನ ಮೀಟರಿಗಿಂತ ಹೆಚ್ಚು ಗ್ಯಾಸಾಗಿ, ಹತ್ತಡಿ ಉದ್ದಗಲದ ಮುಚ್ಚಿದ ಕೋಣೆಯ ಗಾಳಿಯಲ್ಲಿ ಶೇಕಡಾ 4ರ ಹತ್ತಿರ ತಲುಪುತ್ತದೆ. ಅದು ಮನುಷ್ಯರಿಗೂ ಅಪಾಯದ ಮಟ್ಟ.

ಲಿಕ್ವಿಡ್ ಕಾರ್ಬನ್

ಬಾಟಲಿಯಲ್ಲಿ ಇರುವುದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕದ ತೆಳು ದ್ರಾವಣ. ಪಾಚಿಯನ್ನು ಸುಡುವುದು ನಿಜ. ಗಿಡಕ್ಕೆ ಇಂಗಾಲದ ಆಧಾರವಾಗಿ ಸಿಓಟಿನ ಹತ್ತಿರಕ್ಕೂ ಬಾರದು. ನಮ್ಮ ನೀರಿಗೆ ಒಗ್ಗುವ ವ್ಯಾಲಿಸ್ನೇರಿಯಾವನ್ನೇ ಮೊದಲು ಕರಗಿಸಿಬಿಡುತ್ತದೆ. ಬಿಸಿ ನೀರಿನಲ್ಲಿ ಡೋಸ್ ತುಸು ತಪ್ಪಿದರೂ ಮೀನು ಬಳಲುತ್ತದೆ. ಕೈಗೆ, ಕಣ್ಣಿಗೆ ತಾಗಬಾರದು, ಮಕ್ಕಳಿರುವ ಮನೆಯಲ್ಲಿ ಬೀರುವಿನಲ್ಲಿ ಬೀಗ ಹಾಕಿಡಬೇಕು. ಈ ಹೋಲಿಕೆಯಲ್ಲಿ ಅದಕ್ಕೆ ಜಾಗವಿಲ್ಲ.

ಯಾವುದನ್ನು ಇನ್ವರ್ಟರಿಗೆ, ಯಾವುದನ್ನು ನೇರ ಕರೆಂಟಿಗೆ

ಸಿಲಿಂಡರೋ ಸಿಟ್ರಿಕ್ ಕಿಟ್ಟೋ ಆರಿಸಿದವರು ಈ ಭಾಗವನ್ನು ಎರಡು ಸಲ ಓದಿ. ನಮ್ಮ ಭಾಗದಲ್ಲಿ ಮೀನು ಉಳಿಯುವುದೂ ಸಾಯುವುದೂ ಪ್ಲಗ್ ಎಲ್ಲಿ ಚುಚ್ಚಿದ್ದೀರಿ ಎಂಬುದರಲ್ಲಿದೆ.

ಫಿಲ್ಟರ್ ಮತ್ತು ಏರ್ ಪಂಪ್ ಇನ್ವರ್ಟರ್ ಪಾಯಿಂಟಿಗೆ. ದೀಪ ಮತ್ತು ಸೊಲೆನಾಯ್ಡ್ ನೇರ ಕರೆಂಟಿಗೆ. ಸೊಲೆನಾಯ್ಡ್ ವಾಲ್ವ್ ಕರೆಂಟ್ ಇಲ್ಲದಾಗ ಮುಚ್ಚಿಕೊಳ್ಳುವ ಜಾತಿಯದ್ದಾಗಿರಬೇಕು, ಸಾಮಾನ್ಯವಾಗಿ ಹಾಗೇ ಬರುತ್ತದೆ. ಹೀಗಿಟ್ಟರೆ ಕರೆಂಟ್ ಹೋದ ಕ್ಷಣವೇ ಗ್ಯಾಸ್ ನಿಲ್ಲುತ್ತದೆ, ದೀಪ ಆರಿ ಗಿಡದ ಬೇಡಿಕೆಯೂ ನಿಲ್ಲುತ್ತದೆ, ನೀರು ಮಾತ್ರ ಅಲುಗುತ್ತಲೇ ಇರುತ್ತದೆ. ಮನೆಯ ಎಲ್ಲ ಪಾಯಿಂಟೂ ಇನ್ವರ್ಟರಿನಲ್ಲಿದ್ದರೆ ಗೀಸರ್, ಕೂಲರಿಗೆ ಕೊಟ್ಟ 15 ಆಂಪಿಯರ್ ಸಾಕೆಟ್ ನೋಡಿ. ಬಹಳ ಮನೆಗಳಲ್ಲಿ ಅದು ಇನ್ವರ್ಟರಿಗೆ ಸೇರಿರುವುದಿಲ್ಲ. ಮೇನ್ ಆಫ್ ಮಾಡಿ ಒಮ್ಮೆ ಪರೀಕ್ಷಿಸಿದರೆ ಅನುಮಾನ ಬಗೆಹರಿಯುತ್ತದೆ.

ಟೈಮರಿನಲ್ಲಿ ಒಂದು ಗುಪ್ತ ಮೋಸವಿದೆ. ತಿರುಗುವ ಚಕ್ರದ ಅಗ್ಗದ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ದಿನಕ್ಕೆ ಒಂದು ಗಂಟೆ ಕರೆಂಟ್ ಹೋದರೂ ವಾರದಲ್ಲಿ ಏಳು ಗಂಟೆ ಹಿಂದೆ ಬೀಳುತ್ತದೆ. ದೀಪಕ್ಕೆ ಒಂದು, ಗ್ಯಾಸಿಗೆ ಇನ್ನೊಂದು ಟೈಮರ್ ಇದ್ದು, ಗ್ಯಾಸಿನದಷ್ಟೇ ಹಿಂದೆ ಬಿದ್ದರೆ ದೀಪ ಆರಿದ ಮೇಲೂ ನಡುರಾತ್ರಿಯವರೆಗೆ ಗ್ಯಾಸ್ ಹರಿಯುತ್ತಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳಿ.

ಇನ್ವರ್ಟರ್ ಇಲ್ಲದಿದ್ದರೆ ಕರೆಂಟ್ ಹೋದಾಗ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಸಾಕು. ಕ್ಯಾನಿಸ್ಟರ್ ಫಿಲ್ಟರ್ ಎರಡು ಮೂರು ಗಂಟೆಗಿಂತ ಹೆಚ್ಚು ನಿಂತಿದ್ದರೆ ಹಾಗೇ ಚಾಲೂ ಮಾಡಬೇಡಿ. ಮುಚ್ಚಿದ ಡಬ್ಬಿಯೊಳಗೆ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸತ್ತು ನೀರು ಕೆಟ್ಟಿರುತ್ತದೆ. ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಜಾಲಾಡಿಸಿ ಆಮೇಲೆ ಹಚ್ಚಿ.

ಎಷ್ಟು ಕೊಡಬೇಕು, ಹೇಗೆ ಅಳೆಯಬೇಕು

ಗ್ಯಾಸನ್ನು ದೀಪ ಹತ್ತುವುದಕ್ಕೆ ಒಂದೂವರೆ ಗಂಟೆ ಮುಂಚೆ ಬಿಡಿ, ಆರುವುದಕ್ಕೆ ಒಂದು ಗಂಟೆ ಮುಂಚೆ ನಿಲ್ಲಿಸಿ. 60 ಲೀಟರಿಗೆ ಎರಡು ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರು ಮಾಡಿ, ಮೂರು ದಿನಕ್ಕೊಮ್ಮೆ ತುಸು ಏರಿಸಿ. ಏರಿಸುವ ಕೆಲಸ ಮನೆಯಲ್ಲೇ ಇರುವ ಭಾನುವಾರಕ್ಕಿರಲಿ. ಬೆಳಗ್ಗೆ ವಾಲ್ವ್ ತಿರುಗಿಸಿ ಕೆಲಸಕ್ಕೆ ಹೋಗುವುದು ಬೇಡ.

ನೀರಿನ ಸಿಓಟನ್ನು ಬಣ್ಣದಲ್ಲಿ ತೋರಿಸುವ ಸಣ್ಣ ಗಾಜಿನ ಬುರುಡೆ ಡ್ರಾಪ್ ಚೆಕ್ಕರ್. ಅದಕ್ಕೆ ತೊಟ್ಟಿಯ ನೀರು ತುಂಬಬಾರದು, 4 ಡಿಗ್ರಿ ಕೆಎಚ್‌ನ (ಬೈಕಾರ್ಬೊನೇಟಿನಿಂದ ಬರುವ ಗಡಸಿನ ಅಳತೆ) ಸಿದ್ಧ ದ್ರಾವಣವೇ ಬೇಕು. ಹಸಿರು ಎಂದರೆ 30ರ ಆಸುಪಾಸು, ನೀಲಿ ಎಂದರೆ ಕಡಿಮೆ, ಹಳದಿ ಎಂದರೆ ಅಪಾಯ. ಅದು ತೋರಿಸುವುದು ಒಂದೆರಡು ಗಂಟೆ ಹಿಂದಿನ ಸ್ಥಿತಿ. ಪಿಎಚ್ ನೋಡಿ ಅಂದಾಜಿಸುವವರು ನೀರಿನ ಗಡಸುತನ ಮರೆಯಬಾರದು. ಲೆಕ್ಕ ಇಷ್ಟೇ: ಕೆಎಚ್ 4 ಇರುವ ನೀರಿನಲ್ಲಿ 30 ಮಿಲಿಗ್ರಾಂಗೆ ಪಿಎಚ್ 6.6 ಆಗುತ್ತದೆ. ಕೆಎಚ್ 14 ಇರುವ, ಅಂದರೆ ಲೀಟರಿಗೆ 250 ಮಿಲಿಗ್ರಾಂ ಅಲ್ಕಲಿನಿಟಿಯ ಬೋರ್ ನೀರಿನಲ್ಲಿ ಅದೇ 30ಕ್ಕೆ ಪಿಎಚ್ 7.15. ಬೋರ್ ನೀರಿನವರು ಪುಸ್ತಕದ 6.6ಕ್ಕೆ ತರಲು ಹೊರಟರೆ ಸಿಓಟು 100 ದಾಟಿ ಮೀನು ಉಳಿಯುವುದಿಲ್ಲ. ಗಡಸು ನೀರಲ್ಲಿ ಸಿಓಟು ಕೆಲಸ ಮಾಡುವುದಿಲ್ಲ ಎಂಬ ಮಾತು ಹುಟ್ಟಿದ್ದೂ ಈ ಗೊಂದಲದಿಂದಲೇ. ಕರಗುವ ಸಿಓಟು ಅಷ್ಟೇ, ಪಿಎಚ್ ಅಂಕಿ ಮಾತ್ರ ಮೇಲಿರುತ್ತದೆ.

ಬೇಸಿಗೆಯಲ್ಲಿ ನಮ್ಮ ಗುರಿ 30 ಅಲ್ಲ, 15ರಿಂದ 20. ಡ್ರಾಪ್ ಚೆಕ್ಕರ್ ನೀಲಿ ಬೆರೆತ ಹಸಿರಿನಲ್ಲಿರಲಿ. ದೀಪವನ್ನೂ ಅದಕ್ಕೆ ತಕ್ಕಂತೆ ಒಂದು ಗಂಟೆ ಕಡಿಮೆ ಮಾಡಿ. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವ ಸಣ್ಣ ಫ್ಯಾನ್ ನಮ್ಮ ಒಣ ಹವೆಯಲ್ಲಿ ನೀರನ್ನು 2ರಿಂದ 4 ಡಿಗ್ರಿ ತಣಿಸುತ್ತದೆ, ಆಮ್ಲಜನಕವನ್ನೂ ತುಂಬುತ್ತದೆ. ಆವಿಯಾಗುವುದು ನೀರಷ್ಟೇ, ಉಪ್ಪುಗಳು ಉಳಿಯುತ್ತವೆ. ಇಳಿದ ನೀರನ್ನು ಬೋರ್ ನೀರಿನಿಂದ ತುಂಬುತ್ತ ಹೋದರೆ ಗಡಸು ವಾರವಾರವೂ ಏರುತ್ತದೆ. ಆರ್‌ಒ ನೀರಿನಿಂದ ತುಂಬಿ.

ಮೀನು ಏನು ಹೇಳುತ್ತಿದೆ

ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಗಡಿಯಾರ ನೋಡಿ. ಬೆಳಗಿನ ಜಾವ ದೀಪ ಹತ್ತುವ ಮುಂಚೆಯಾದರೆ ಆಮ್ಲಜನಕದ ಕೊರೆ: ರಾತ್ರಿ ಏರ್ ಪಂಪ್ ಹಚ್ಚಿ, ಮೀನಿನ ಸಂಖ್ಯೆ ಕಡಿಮೆ ಮಾಡಿ, ತಳದ ಕೊಳೆ ತೆಗೆಯಿರಿ. ಮಧ್ಯಾಹ್ನ, ಗ್ಯಾಸ್ ಓಡುತ್ತ ಮೂರ್ನಾಲ್ಕು ಗಂಟೆಯಾದ ಮೇಲಾದರೆ ಸಿಓಟು ಹೆಚ್ಚಳ: ಗ್ಯಾಸ್ ನಿಲ್ಲಿಸಿ, ಏರ್ ಪಂಪ್ ಹಚ್ಚಿ, ಮರುದಿನ ಕಾಲು ಭಾಗ ಇಳಿಸಿ. ಸಿಗಡಿಗಳು ಮೀನಿಗಿಂತ ಮೊದಲೇ ಮೇಲಕ್ಕೆ ಹತ್ತಿ ಕೂರುತ್ತವೆ. ಬೆಟ್ಟಾ, ಗೌರಾಮಿ ಮೇಲೆ ಬಂದು ಗಾಳಿ ನುಂಗುವುದು ಅವುಗಳ ಹುಟ್ಟುಗುಣ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅನುಮಾನವಿದ್ದಾಗ ಎರಡಕ್ಕೂ ಒಂದೇ ಮದ್ದು, ಮೇಲ್ಮೈ ಕದಡುವುದು. ಕರೆಂಟೂ ಇಲ್ಲ, ಬ್ಯಾಟರಿಯೂ ಇಲ್ಲ ಎಂದರೆ ಚರಗಿಯಲ್ಲಿ ತೊಟ್ಟಿಯದೇ ನೀರು ಮೊಗೆದು ಒಂದೂವರೆ ಅಡಿ ಎತ್ತರದಿಂದ ಸುರಿಯಿರಿ. ಹತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಚರಗಿ. ಗಾಬರಿಯಲ್ಲಿ ಹೊಸ ನೀರು ಹಾಕುವುದಾದರೆ ಕ್ಲೋರಿನ್ ತೆಗೆಯುವ ಹನಿ ಮರೆಯಬೇಡಿ, ಓವರ್‌ಹೆಡ್ ಟ್ಯಾಂಕಿನ ನೀರು ಬಿಸಿಲಿಗೆ ಕಾದಿರುತ್ತದೆ ಎಂಬುದನ್ನೂ. ಹಿಂದಿನ ರಾತ್ರಿಯೇ ಹಿಡಿದಿಟ್ಟ ಎರಡು ಬಕೆಟ್ ನೀರು ಮಾರ್ಚ್‌ನಿಂದ ಜೂನ್‌ವರೆಗೆ ತೊಟ್ಟಿಯ ಪಕ್ಕದಲ್ಲಿ ಸದಾ ಇರಲಿ.